ನೀನು ಯಾವ ಬಗೆ ಎಂದು ಕೇಳದ ಸಾಲು

ಬೆಳಕವಾಡಿಯ ನಿಂಗೇಗೌಡರನ್ನು ಬದುಕಿರುವಾಗಲೇ ಪತ್ರಿಕೆಯಲ್ಲಿ ಸಾಯಿಸಿದ್ದು ನಾನು. ಮಳವಳ್ಳಿ ಕಚೇರಿಯಲ್ಲಿ ಟೈಪ್ ಮಾಡುತ್ತಿದ್ದ ಜಯಲಕ್ಷ್ಮಿ ಅಲ್ಲ. ಎಂಟು ವರ್ಷದ ಹಿಂದೆ ನಮ್ಮ ಪತ್ರಿಕೆ ಹಾಕಿದ ತಿದ್ದುಪಡಿಯಲ್ಲಿ ತಪ್ಪು ಅವರದೆಂದಿತ್ತು. ಆ ತಿದ್ದುಪಡಿಯನ್ನು ಬರೆದವನೂ ನಾನೇ — ಸುಳ್ಳೆಂದು ಗೊತ್ತಿದ್ದೂ ಬರೆದೆ.

ಮಂಡ್ಯದ ಒಂದು ಸಣ್ಣ ದಿನಪತ್ರಿಕೆಯಲ್ಲಿ ನಾನು ಉಪಸಂಪಾದಕ. ಪ್ರೋಗ್ರಾಮ್ ಬರೆಯುವುದನ್ನು ಆಸಕ್ತಿಯಿಂದ ಕಲಿತಿದ್ದೆ. ಮದ್ದೂರು, ಮಳವಳ್ಳಿ ಕಚೇರಿಗಳಿಂದ ಬರುವ ಜಾಹೀರಾತುಗಳನ್ನು ತಾನಾಗಿ ಪುಟಕ್ಕೆ ಜೋಡಿಸುವ ಒಂದು ಪ್ರೋಗ್ರಾಮ್ ಮಾಡಿಕೊಟ್ಟೆ. ಎಲ್ಲರೂ ಹೊಗಳಿದರು. ನನಗೆ ಆ ಹೊಗಳಿಕೆ ಎಷ್ಟು ಬೇಕಾಗಿತ್ತೆಂದರೆ —

ಮೊದಲು ಆದದ್ದನ್ನು ಹೇಳುತ್ತೇನೆ.

ಕಂಪ್ಯೂಟರಿನ ಮೆಮೊರಿಯಲ್ಲಿ ಪ್ರತಿ ಜಾಹೀರಾತೂ ಒಂದು ಕಟ್ಟಿನಂತೆ ಕೂತಿರುತ್ತದೆ. ಫೋಟೊ, ಹೆಸರು, ಊರು, ಒಂದು ತಾರೀಖು. ಹುಟ್ಟುಹಬ್ಬದ ಶುಭಾಶಯವಾದರೆ ಆ ತಾರೀಖು ಹುಟ್ಟಿದ ದಿನ. ಶ್ರದ್ಧಾಂಜಲಿಯಾದರೆ ಅದೇ ಜಾಗದಲ್ಲಿ ತೀರಿಕೊಂಡ ದಿನ. ಹೊರಗಿನಿಂದ ಎರಡೂ ಒಂದೇ ಥರ. ಯಾವುದು ಯಾವುದೆಂದು ತಿಳಿಸುವ ಒಂದು ಗುರುತು ಕಟ್ಟಿನ ಜೊತೆಗೇ ಇರುತ್ತದೆ. ಬಿಚ್ಚುವ ಮುನ್ನ ಪ್ರೋಗ್ರಾಮ್ 'ನೀನು ಯಾವ ಬಗೆ?' ಎಂದು ಕೇಳಬೇಕು. ಉತ್ತರ ತಾಳೆಯಾಗದಿದ್ದರೆ ಮುಟ್ಟದೆ ಪಕ್ಕಕ್ಕಿಡಬೇಕು. ವರದಿಗಾರನಾಗಿ ನಾನು ಕಲಿತ ಮೊದಲ ಪಾಠವೂ ಅದೇ — ಕೇಳದೆ ಬರೆಯಬಾರದು.

ನನ್ನ ಪ್ರೋಗ್ರಾಮ್ ಕೇಳುತ್ತಿರಲಿಲ್ಲ. ಐದನೇ ಪುಟದ ಪಟ್ಟಿಗೆ ಅಲ್ಲಿಯವರೆಗೆ ಶ್ರದ್ಧಾಂಜಲಿಗಳಷ್ಟೇ ಬಂದಿದ್ದವು. ಇನ್ನು ಬರುವುದೆಲ್ಲ ಅದೇ ಎಂದು ಒಂದು ಸಾಲಿನಲ್ಲಿ ಅಪ್ಪಣೆ ಕೊಟ್ಟುಬಿಟ್ಟಿದ್ದೆ. ಆ ದಿನ ಶುಭಾಶಯಗಳ ಪುಟ ತುಂಬಿ ಹೋಗಿ, ಉಳಿದ ಒಂದು ಇಲ್ಲಿಗೆ ಬಂತು. ನಿಂಗೇಗೌಡರಿಗೆ ಅರವತ್ತು ತುಂಬಿದ ಶುಭಾಶಯ. ನಮ್ಮ ಕಡೆ ಅರವತ್ತು ತುಂಬಿದವರಿಗೆ ದಪ್ಪ ಹಾರ ಹಾಕಿ, ನೆಟ್ಟಗೆ ನಿಲ್ಲಿಸಿ ಫೋಟೊ ತೆಗೆಸುತ್ತಾರೆ. ಆ ಹಾರ ನೋಡಿ ಪುಟ ಪರಿಶೀಲಿಸಿದ ಯಾರಿಗೂ ಅನುಮಾನ ಬರಲಿಲ್ಲ. ಕೊನೆಗೆ ಪರಿಶೀಲಿಸಿದವನು ನಾನು.

ಮರುದಿನ ಬೆಳಿಗ್ಗೆ ಆತಗೂರಿನಲ್ಲಿ ಪತ್ರಿಕೆ ನೋಡಿದ ಗೌಡರ ತಂಗಿ ಸಿಕ್ಕ ಬಸ್ಸು ಹತ್ತಿ, ಬೀದಿಯುದ್ದಕ್ಕೂ ಅಳುತ್ತಾ ಬಂದರಂತೆ. ಗೌಡರು ಜಗುಲಿಯ ಮೇಲೆ ಹಲ್ಲುಜ್ಜುತ್ತಾ ಕೂತಿದ್ದರು.

"ಯಾಕಮ್ಮಿ, ಯಾರ್ ಸತ್ರು?"

"ನೀನೇ ಕಣಣ್ಣೋ!"

"ನಾನ್ ಸತ್ತಿಲ್ಲ ಕಣಮ್ಮಿ. ಬಾಯ್ ಮುಚ್ಕಂಡ್ ಒಳಿಕ್ ಬಾ, ಕಾಪಿ ಕುಡಿ."

ಇದನ್ನು ಕೇಳಿ ಊರು ನಕ್ಕಿತು. ಗೌಡರ ಮಗ ನಗಲಿಲ್ಲ. ಮಳವಳ್ಳಿ ಕಚೇರಿಗೆ ಬಂದು, ಎದುರಿಗೆ ಸಿಕ್ಕ ಜಯಲಕ್ಷ್ಮಿಯ ಮೇಲೆ ಕೂಗಾಡಿದ.

ಮಂಡ್ಯದಲ್ಲಿ ಹತ್ತೇ ನಿಮಿಷದಲ್ಲಿ ನನಗೆ ಎಲ್ಲ ಗೊತ್ತಾಯಿತು. ಜಯಲಕ್ಷ್ಮಿ ಕಳಿಸಿದ ಮೂಲ ಪರದೆಯ ಮೇಲಿತ್ತು. ಬಗೆ: ಶುಭಾಶಯ. ಅಕ್ಷರವೊಂದೂ ತಪ್ಪಿರಲಿಲ್ಲ. ಅಷ್ಟರಲ್ಲಿ ಸಂಪಾದಕರು ಬಂದು ನನ್ನ ಮೇಜಿನ ಮುಂದೆ ನಿಂತರು. "ಯಾರ ತಪ್ಪಪ್ಪಾ ಇದು?"

ಪರದೆಯನ್ನು ಅವರತ್ತ ತಿರುಗಿಸಿದ್ದರೆ ಸಾಕಿತ್ತು. ನಾನು ಅಂದದ್ದು ಇಷ್ಟು:

"ಮಳವಳ್ಳಿಯಿಂದಲೇ ಹಾಗೆ ಬಂದಿದೆ ಸಾರ್."

ಆ ಮಧ್ಯಾಹ್ನವೇ ಪ್ರೋಗ್ರಾಮಿನ ಆ ಸಾಲನ್ನು ತಿದ್ದಿದೆ. ಅಂದಿನಿಂದ ಅದು ಮೊದಲು ಕೇಳುತ್ತದೆ. ಉತ್ತರ ಹೊಂದದಿದ್ದರೆ ಪಕ್ಕಕ್ಕಿಟ್ಟು ಮನುಷ್ಯರನ್ನು ಕರೆಯುತ್ತದೆ. ತಪ್ಪು ಜಯಲಕ್ಷ್ಮಿಯದಾಗಿದ್ದರೆ ನಾನು ಆ ಸಾಲನ್ನು ಮುಟ್ಟುವ ಅಗತ್ಯವೇ ಇರಲಿಲ್ಲ. ಅದಾದ ಮೇಲೆ, ಅದೇ ಕುರ್ಚಿಯಲ್ಲಿ ಕೂತು, 'ಮಳವಳ್ಳಿ ಕಚೇರಿಯ ಟೈಪಿಂಗ್ ದೋಷದಿಂದ' ಎಂದು ಶುರುವಾಗುವ ತಿದ್ದುಪಡಿ ಬರೆದೆ. ಆ ಕಚೇರಿಯಲ್ಲಿ ಟೈಪ್ ಮಾಡುತ್ತಿದ್ದವರು ಒಬ್ಬರೇ. ತಿಂಗಳೊಳಗೆ ಅವರು ಕೆಲಸ ಬಿಟ್ಟರು — ಬಿಡಿಸಲಾಯಿತು ಎನ್ನಬೇಕು.

ಕಳೆದ ವಾರ ಮಳವಳ್ಳಿಗೆ ಹೋದೆ. ಬಸ್ ನಿಲ್ದಾಣದ ಬಳಿ ಅವರದೊಂದು ಅಂಗಡಿ; ಅರ್ಜಿ ತುಂಬಿಕೊಡುತ್ತಾರೆ, ಜೆರಾಕ್ಸ್ ಮಾಡುತ್ತಾರೆ. ಒಬ್ಬ ಮುದುಕರ ಪಿಂಚಣಿ ಅರ್ಜಿಯನ್ನು ಓದುತ್ತಿದ್ದರು. ಒಂದು ಸಲ, ಎರಡು ಸಲ, ಮೂರನೇ ಸಲ.

"ಎಷ್ಟ್ ಸಲ ಓದೀಯವ್ವ, ಬಸ್ ಓಯ್ತದೆ," ಎಂದರು ಮುದುಕರು. "ಬದುಕಿರೋನ್ನ ಸಾಯ್ಸಿದ್ನ ಇನ್ನೂ ಮರ್ತಿಲ್ವಾ?"

ತಮಾಷೆಗೇ ಅಂದದ್ದು. ಜಯಲಕ್ಷ್ಮಿಯೂ ನಕ್ಕರು.

ಮುದುಕರು ಹೋದ ಮೇಲೆ ಎಲ್ಲವನ್ನೂ ಹೇಳಿದೆ. ಇಷ್ಟು ವರ್ಷ ಇಟ್ಟುಕೊಂಡಿದ್ದ ಆ ಮೂಲದ ಪ್ರತಿಯನ್ನು ಮುಂದಿಟ್ಟೆ. ಅವರು 'ಬಗೆ: ಶುಭಾಶಯ' ಎಂದಿದ್ದಲ್ಲಿ ಬೆರಳಿಟ್ಟರು.

"ನಾನೇ ತಪ್ ಒತ್ತುಬುಟ್ಟೆ ಅಂತ ನಂಬ್ಕಂಡಿದ್ದೆ ಸಾ," ಎಂದರು. "ನನ್ ಕೈ ಮೇಲೆ ನಂಗೇ ನಂಬ್ಕೆ ಓಗಿತ್ತು."

ಬೈಗುಳಕ್ಕೆ ಸಿದ್ಧನಾಗಿ ಹೋಗಿದ್ದೆ. ಇದಕ್ಕಲ್ಲ. ಕೆಲಸ ಹೋದದ್ದು ನನಗೆ ಗೊತ್ತಿತ್ತು, ಆದರೆ ಇದು —

ಕ್ಷಮಿಸಿ ಎಂದೆ. ಅವರು ಕೈ ಅಡ್ಡ ಹಿಡಿದರು. "ಕಿವೀಲಿ ಏಳುದ್ರೆ ಏನ್ ಬಂತು ಸಾ? ಪೇಪರಲ್ಲಿ ಬಂದಿದ್ದು, ಪೇಪರಲ್ಲೇ ಓಗ್ಬೇಕು. ನೀವ್ ಏಳ್ತಾ ಓಗಿ, ನಾನೇ ಟೈಪ್ ಮಾಡ್ತೀನಿ."

ಅಲ್ಲಿಂದಲೇ ಸಂಪಾದಕರಿಗೆ ಫೋನ್ ಮಾಡಿ ನಿಜ ಹೇಳಿದೆ. "ಕಳ್ಸು, ಹಾಕೋಣ. ನಿನ್ನ ವಿಚಾರ ನಾಳೆ ಮಾತಾಡೋಣ," ಎಂದರು. ಏನೇ ಆಗಲಿ. ಎಂಟು ವರ್ಷದಲ್ಲಿ ಮೊದಲ ಬಾರಿ ನಿರಾಳವೆನಿಸಿತು. ಈ ನಿರಾಳ ನನಗೆ ಸಲ್ಲಬೇಕಾದದ್ದಲ್ಲ ಎಂಬುದೂ ಗೊತ್ತಿದೆ.

ನಾನು ಹೇಳಿದೆ, ಅವರು ಟೈಪ್ ಮಾಡಿದರು:

"ತಿದ್ದುಪಡಿ: ಬೆಳಕವಾಡಿಯ ನಿಂಗೇಗೌಡರ ಶುಭಾಶಯ ಶ್ರದ್ಧಾಂಜಲಿಯಾಗಿ ಪ್ರಕಟವಾದದ್ದಕ್ಕೆ ಮಳವಳ್ಳಿಯ ಜಯಲಕ್ಷ್ಮಿ ಕಾರಣರಲ್ಲ. ಅವರು ಸರಿಯಾಗಿಯೇ ಕಳಿಸಿದ್ದರು. ತಪ್ಪೂ ಅದನ್ನು ಮುಚ್ಚಿಟ್ಟ ಸುಳ್ಳೂ ಈ ತಿದ್ದುಪಡಿ ಬರೆದ ಉಪಸಂಪಾದಕನವು."

ಅವರು ಅದನ್ನು ಒಂದೇ ಸಲ ಓದಿದರು. ಕಳಿಸಿದರು.