ಬೇಡವೆಂದು ಬರೆದುಕೊಟ್ಟವನು

ಸತ್ತು ಇನ್ನೂರು ವರ್ಷವಾದವರ ಮೇಲೆ ಹೊಟ್ಟೆಕಿಚ್ಚು ಪಡುವುದು ಸಣ್ಣತನವೆಂದು ನನಗೂ ಗೊತ್ತು. ಆದರೂ ಅಮೆರಿಕ ದೇಶವನ್ನು ಕಟ್ಟಿದ ಮೊದಲ ತಲೆಮಾರಿನ ಮುತ್ಸದ್ದಿಗಳು ಒಬ್ಬರಿಗೊಬ್ಬರು ಬರೆದ ಪತ್ರಗಳನ್ನು ಓದುವಾಗ ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತದೆ. ಅಧಿಕಾರ ನನಗೆ ಬೇಡ, ಊರಿನಲ್ಲಿ ಹೊಲ ಕಾಯುತ್ತಿದೆ ಎಂದು ಪುಟಗಟ್ಟಲೆ ಬರೆಯುತ್ತಾರೆ. ನಡುನಡುವೆ ಕಡಲಾಚೆಯ ರಾಜರೊಡನೆ ಆಗಬೇಕಾದ ಒಪ್ಪಂದಗಳ ಕಲಮುಗಳು. ನಾಲ್ಕು ಪತ್ರ ದಾಟುವಷ್ಟರಲ್ಲಿ ಬೇಡವೆಂದವರೇ ಕುರ್ಚಿಯಲ್ಲಿ! ಅವರ ‘ಬೇಡ’ವನ್ನು ಯಾರೂ ನಂಬಲಿಲ್ಲ. ಎಂಥ ಪುಣ್ಯವಂತರು.

ನನ್ನದನ್ನು ನಂಬಿದರು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ನಾವು ಕೆಲವರು ಒಂದು ಓದುಗರ ಬಳಗ ಕಟ್ಟಿಕೊಂಡಿದ್ದೇವೆ. ಮೊಬೈಲಿನ ಕಾಲದಲ್ಲೂ ಬಳಗದ ವ್ಯವಹಾರ ಕಾಗದದ ಪತ್ರದಲ್ಲೇ. ಆ ಹಟ ನನ್ನದು. ಅಧ್ಯಕ್ಷಗಿರಿ ವರ್ಷಕ್ಕೊಂದು ಊರಿಗೆ. ಸರದಿ ಬಂದವರು ಒಲ್ಲೆನೆಂದರೆ ಮುಂದಿನ ಊರಿಗೆ, ಒಲ್ಲೆನೆಂದವರು ಮತ್ತೆ ಸುತ್ತು ಬರುವತನಕ ಕಾಯಬೇಕು. ಈ ಒಪ್ಪಂದ ಬರೆದವನೂ ನಾನೇ. ಇತಿಹಾಸದ ಮಾಸ್ತರನಾಗಿದ್ದವನಿಗೆ ಕಲಮು ಬರೆಯುವ ಚಪಲ. ಕುಷ್ಟಗಿ, ಯಲಬುರ್ಗಾ ಮುಗಿದು ಕೊಪ್ಪಳದ ಸರದಿ ಬಂತು; ಅಂದರೆ ನನ್ನದು.

ನಮ್ಮ ಕಡೆ ಊಟಕ್ಕೆ ಕುಳಿತವನು ಸಾಕೆಂದು ತಾಟಿಗೆ ಕೈ ಅಡ್ಡ ಹಿಡಿಯುತ್ತಾನೆ. ಬಡಿಸುವವರು ಬೆರಳ ಸಂದಿಯಲ್ಲಾದರೂ ಹೋಳಿಗೆ ತುರುಕಿಯೇ ತೀರುತ್ತಾರೆ. ಮೊದಲ ಮಾತಿಗೇ ಕೈ ತೆಗೆದವನು ಹೊಟ್ಟೆಬಾಕ. ಮೊದಲ ಮಾತಿಗೇ ಮುಂದೆ ಹೋದ ಬಡಿಸುವವರು ಜಿಪುಣರು. ಈ ಭರವಸೆಯ ಮೇಲೆ ನಾನು ಒಲ್ಲೆನೆಂದು ಬರೆದೆ. ನಮ್ಮ ಹಳ್ಳಿ ತಳಕಲ್ಲಿನ ಹೊಲ ಕರೆಯುತ್ತಿದೆ ಎಂದೂ ಸೇರಿಸಿದೆ. ಆ ಹೊಲವನ್ನು ಪಾಲಿಗೆ ಕೊಟ್ಟು ಎಷ್ಟೋ ವರ್ಷವಾಗಿದೆ. ಕೊನೆಗೆ ‘ಆದರೂ ನಿಮ್ಮೆಲ್ಲರ ಇಚ್ಛೆ’ ಎಂದು ಬರೆದಿದ್ದೆನೆಂದು ನೆನಪು. ಕರೆಯಲು ಬರಲಿ ಎಂದು ಸಭೆಯ ದಿನ ಇಸ್ತ್ರಿ ಅಂಗಿ ತೊಟ್ಟು ಮನೆಯಲ್ಲೇ ಕುಳಿತೆ. ಕೋಟನ್ನೂ ಹಾಕಿದ್ದೆನೆಂದು ಹೆಂಡತಿ ಹೇಳುತ್ತಾಳೆ.

ಯಾರೂ ಬರಲಿಲ್ಲ. ಗಂಗಾವತಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಗೆಳೆಯ ಖಾಜಾಸಾಬ್ ನನ್ನ ಪತ್ರವನ್ನು ಸಭೆಯಲ್ಲಿ ಗದ್ಗದಿತರಾಗಿ ಓದಿದರಂತೆ. ‘ಏನ್ ತ್ಯಾಗ್ರಿ!’ ಎಂದು ಚಪ್ಪಾಳೆ ತಟ್ಟಿದ ಬಳಗ, ಒಪ್ಪಂದದ ಪ್ರಕಾರ ಮುಂದಿನ ಊರಿನವರಾದ ಖಾಜಾಸಾಬರಿಗೇ ಹಾರ ಹಾಕಿತಂತೆ.

ಆ ಮುತ್ಸದ್ದಿಗಳು ಕಳಿಸಿದ ಪತ್ರದ ನಕಲು ಇಟ್ಟುಕೊಳ್ಳುತ್ತಿದ್ದರು. ಒಬ್ಬರ ಬಳಿ, ಒಂದು ಲೇಖನಿ ಬರೆದದ್ದನ್ನೇ ಜೊತೆಗಿನ ಇನ್ನೊಂದು ಲೇಖನಿಯೂ ಬರೆಯುವ ಯಂತ್ರವಿತ್ತು. ನನ್ನ ಬಳಿ ನೆನಪು ಮಾತ್ರ, ಅದು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಮೂಲ ಪತ್ರ ತರಿಸಿ ನೋಡಿದೆ. ‘ನಿಮ್ಮೆಲ್ಲರ ಇಚ್ಛೆ’ಯ ಸಾಲೇ ಇರಲಿಲ್ಲ. ‘ದಯವಿಟ್ಟು ಒತ್ತಾಯಿಸಬೇಡಿ’ ಎಂದಿತ್ತು, ಅಡಿಗೆರೆ ಸಮೇತ.

ಖಾಜಾಸಾಬ್ ಅಧ್ಯಕ್ಷರಾದ ಖುಷಿಗೆ ಊಟಕ್ಕೆ ಕರೆದರು. ಹಾರ ಇನ್ನೂ ಗೋಡೆಯ ಮೊಳೆಗೆ ತೂಗುತ್ತಿತ್ತು; ಊಟಕ್ಕಿಂತ ಅದನ್ನೇ ಹೆಚ್ಚು ನೋಡಿದೆ. ಅವರ ಹೆಂಡತಿ ಶಾವಿಗೆ ಪಾಯಸ ತಂದರು. ನನ್ನ ಕೈ ತಾನಾಗಿ ಬಟ್ಟಲಿನ ಮೇಲೆ ಹೋಯಿತು.

‘ಸಾಕ್ರಿ ಭಾಬಿ, ಬ್ಯಾಡ್ರಿ.’

‘ಏ, ಹಾಕಬ್ಯಾಡ,’ ಎಂದರು ಖಾಜಾಸಾಬ್. ‘ಮಾಸ್ತರು ಬ್ಯಾಡ ಅಂದ್ರ ಬ್ಯಾಡನ. ಬರದು ಕೊಟ್ಟ ಮನಷ್ಯಾರು.’

ಭಾಬಿ ಸೌಟು ಹಿಂದೆ ತೆಗೆದರು. ಯಾಲಕ್ಕಿಯ ಘಮ ದೂರ ಹೊರಟಿತು. ನಾನು ಕೈ ತೆಗೆದೆ.

‘ಹಾಕ್ರಿ,’ ಎಂದೆ. ಅರವತ್ತು ದಾಟಿದ ಮೇಲೆ, ಮೊದಲ ಸಲ.

‘ಇಷ್ಟನ್ನ ಪತ್ರದಾಗ ಬರ್ದಿದ್ರ ಆಗ್ತಿತ್ತಲ್ರಿ,’ ಎಂದು ನಕ್ಕ ಖಾಜಾಸಾಬ್, ಆಮೇಲೆ ದನಿ ತಗ್ಗಿಸಿದರು. ‘ನಿಮ್ಮ ಮನಸ್ನಾಗಿದ್ದದ್ದು ನನಗ ಗೊತ್ತಿತ್ರಿ ಮಾಸ್ತರ. ಏನ್ಮಾಡ್ಲಿ, ನನಗೂ ಭಾಳ ಆಸೆ ಇತ್ತು.’

ಅಲ್ಲಿಗೆ ಹೊಟ್ಟೆಕಿಚ್ಚು ಇಳಿಯಿತೆಂದು ಬರೆದರೆ ಪ್ರಬಂಧ ಚೆಂದವಾಗಿ ಮುಗಿಯುತ್ತದೆ, ಇಳಿದಿಲ್ಲ. ಕೊಪ್ಪಳದ ಸರದಿಗೆ ಇನ್ನೂ ಮೂರು ವರ್ಷ. ಒಪ್ಪಿಗೆಯ ಪತ್ರವನ್ನು ಈಗಲೇ ಬರೆದಿಟ್ಟಿದ್ದೇನೆ, ಎರಡು ಪ್ರತಿ. ಒಂದು ಬಳಗಕ್ಕೆ. ಇನ್ನೊಂದು, ನನಗೆ ಆಸೆಯೇ ಇರಲಿಲ್ಲವೆಂದು ಅಷ್ಟರಲ್ಲಿ ನನ್ನ ನೆನಪು ಹೇಳತೊಡಗಿದರೆ, ಅದರ ಬಾಯಿ ಮುಚ್ಚಿಸಲು.