ದೊಡ್ಡಪ್ಪನ ಕೈಗೆ ಸಿಕ್ಕ ಗಂಟು

ನಮ್ಮ ದೊಡ್ಡಪ್ಪ ಹಾಸಿಗೆ ಹೊಲಿಯುವವರು. ಅವರ ಹುಬ್ಬಿನ ಮೇಲೆ ಯಾವಾಗಲೂ ಹತ್ತಿಯ ಎಳೆ ಕೂತಿರುತ್ತಿತ್ತು. "ಮದುವೇಲೇ ಇವರ ಹುಬ್ಬು ನರೆತಿತ್ತು, ನಮ್ಮಪ್ಪ ಮೋಸ ಹೋದ್ರು" ಎಂದು ದೊಡ್ಡಮ್ಮ ಕೆಣಕುತ್ತಿದ್ದರು.

ಹೊಲಿದು ಮುಗಿದ ಹಾಸಿಗೆಯ ಮೇಲೆ ಅವರು ಕಣ್ಣು ಮುಚ್ಚಿ ಅಂಗೈ ಆಡಿಸುವರು. ಎಲ್ಲಾದರೂ ಹತ್ತಿ ಗಂಟು ಕಟ್ಟಿದ್ದರೆ ಹೊರಗಿನಿಂದಲೇ ಒತ್ತಿ, ನಾದಿ, ಬಿಡಿಸಿಬಿಡುವರು. ಹೊಲಿಗೆ ಬಿಚ್ಚುವುದೆಂದರೆ ಅವರಿಗೆ ಅವಮಾನ.

ಅದೇ ಕೈಗೆ ಒಂದು ದಿನ ತಮ್ಮ ಹೊಟ್ಟೆಯಲ್ಲೂ ಗಂಟು ಸಿಕ್ಕಿತು. ಯಾರಿಗೂ ಹೇಳಲಿಲ್ಲ. ಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚಿಕೊಂಡು, ಹತ್ತಿಯನ್ನು ಬಿಡಿಸುವ ಹಾಗೆಯೇ ಮೆತ್ತಗೆ ಒತ್ತುತ್ತಾ ಬಂದರು. ತಿಂಗಳುಗಳು ಕಳೆದವು. ಅಂಗಿ ಸಡಿಲವಾಗಿ, ಸಂಜೆಯ ಹೊತ್ತು ಜ್ವರ ಬರತೊಡಗಿದಾಗ ದೊಡ್ಡಮ್ಮ ಅವರನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದರು.

ಹೊಟ್ಟೆಯೊಳಗಿನ ಗ್ರಂಥಿಗಳು ಊದಿಕೊಂಡಿವೆ ಎಂದು ಸ್ಕ್ಯಾನ್ ಮಾಡಿದ ಡಾಕ್ಟರು ಹೇಳಿದರು. "ಟಿ.ಬಿ. ಇರಬಹುದು, ಕ್ಯಾನ್ಸರೂ ಇರಬಹುದು. ಸೂಜಿ ಹಾಕಿ ಒಳಗಿಂದು ಸ್ವಲ್ಪ ತೆಗೆದು ನೋಡಿದ್ರೇನೇ ಗೊತ್ತಾಗೋದು."

"ಟಿ.ಬಿ. ಆದ್ರೆ?"

"ಮಾತ್ರೇಲಿ ವಾಸಿಯಾಗುತ್ತಮ್ಮ."

ಅಂದಿನಿಂದ ದೊಡ್ಡಮ್ಮ ಗಂಡನಿಗೆ ಟಿ.ಬಿ. ಇರಲಿ ಎಂದು ಬೇಡಿಕೊಂಡರು.

ಸೂಜಿ ಹಾಕುವ ದಿನ ದೊಡ್ಡಮ್ಮ ಬಾಗಿಲ ಬಳಿ ನಿಂತಿದ್ದರು. ಡಾಕ್ಟರು ದೊಡ್ಡಪ್ಪನ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿದರು. ಸೂಜಿ ಕಂಡು ದೊಡ್ಡಪ್ಪ ನಕ್ಕರು. "ಇಷ್ಟೇನಾ? ನನ್ನ ದಬ್ಬಳ ನೋಡಿದ್ರೆ ನೀವೇ ಓಡಿಹೋಗ್ತೀರಿ!"

"ಮಾತು ಸಾಕು ಯಜಮಾನ್ರೇ. ಉಸಿರು ಹಿಡ್ಕೊಳ್ಳಿ."

ಪರದೆಯ ಮೇಲೆ ಸೂಜಿ ಬೆಳ್ಳಗಿನ ಗೆರೆಯಾಗಿ ಇಳಿದು ಕಪ್ಪು ಉಂಡೆಯೊಂದನ್ನು ಮುಟ್ಟಿತು. ಡಾಕ್ಟರು ತೆಗೆದದ್ದನ್ನು ಗಾಜಿನ ಪಟ್ಟಿಗಳ ಮೇಲೆ ಸವರಿದರು.

"ಬಿಚ್ಚದೇನೇ ಒಳಗಿಂದು ನೋಡ್ತೀರಲ್ಲ, ಒಳ್ಳೆ ಕೆಲಸ" ಎಂದರು ದೊಡ್ಡಪ್ಪ. "ನಾನೂ ದಿನಾ ಒತ್ತಿ ಬಿಡಿಸ್ತಿದ್ದೆ, ಬಗ್ಗಲಿಲ್ಲ."

ಡಾಕ್ಟರ ಕೈ ನಿಂತಿತು. "ಯಾವಾಗಿಂದ?"

ದೊಡ್ಡಪ್ಪ ಬಾಗಿಲ ಕಡೆ ನೋಡಿದರು. "ಸುಮಾರು ದಿನ ಆಯ್ತು."

ಬಂದ ಫಲಿತಾಂಶ ಟಿ.ಬಿ. ಆಗಿರಲಿಲ್ಲ. ಕ್ಯಾನ್ಸರ್ ಬಹಳ ಹರಡಿತ್ತು. "ಇನ್ನೊಂದ್ಸಲ ಸೂಜಿ ಹಾಕಿ ನೋಡಿ" ಎಂದು ದೊಡ್ಡಮ್ಮ ಕೇಳಿದರು. ಡಾಕ್ಟರು ತಲೆಯಾಡಿಸಿದರು, ಬೇಡವೆಂಬಂತೆ.

ಮನೆಗೆ ಬಂದ ಮೇಲೆ ದೊಡ್ಡಮ್ಮ ಹಾಸಿಗೆ ಹಾಸಿ ಗಂಡನನ್ನು ಮಲಗಿಸಿದರು. ದೊಡ್ಡಪ್ಪ ಅವರ ಕೈ ಹಿಡಿದು ತಮ್ಮ ಹೊಟ್ಟೆಯ ಮೇಲಿಟ್ಟುಕೊಂಡರು.

"ನಿನ್ನ ಕೈಗೂ ಸಿಗುತ್ತಾ ನೋಡು."

"ನನಗೊಂದು ಮಾತು ಹೇಳಬಾರದಿತ್ತಾ?"

"ನಾನೇ ಬಿಡಿಸಿಬಿಡೋಣ ಅಂದ್ಕೊಂಡೆ ಕಣೇ."

ದೊಡ್ಡಮ್ಮ ಕೈ ತೆಗೆಯಲಿಲ್ಲ. ಒತ್ತಲೂ ಇಲ್ಲ.