ಯಾವ ಸರಕಾರದ ಇನ್ಸ್‌ಪೆಕ್ಟರ್?

ಹಣೆಯ ಮೇಲೆ ಗೋಪಿಚಂದನದ ಉದ್ದ ನಾಮ, ಮೈಮೇಲೆ ಕತ್ತಿನವರೆಗೆ ಗುಂಡಿ ಹಾಕಿದ ಕರಿ ಶೇರ್ವಾನಿ. ನಮ್ಮ ಮಾವನವರು ಹಾಗೆ ರಾಯಚೂರಿನ ಬಜಾರಕ್ಕೆ ಹೊರಟರೆಂದರೆ ಅಂಗಡಿಯವರು ತಕ್ಕಡಿಯ ತಟ್ಟೆ ಒರೆಸತೊಡಗುತ್ತಿದ್ದರು. ತೂಕ, ಅಳತೆ ತಪಾಸಣೆಯ ಇನ್ಸ್‌ಪೆಕ್ಟರ್ ಅವರು. ದೇವದುರ್ಗ, ಮಾನ್ವಿಯೂ ಅವರ ಪಾಲಿಗೇ. ನೇಮಕದ ಹುಕುಂ ಹೈದರಾಬಾದಿನಿಂದ ಬಂದಾಗ ಅತ್ತೆಯವರು ಓಣಿಗೆಲ್ಲ ಸಕ್ಕರೆ ಹಂಚಿದ್ದರಂತೆ.

ನಾನು ಸೊಸೆಯಾಗಿ ಬಂದ ವರ್ಷವೇ ನಿಜಾಮರ ಆಳ್ವಿಕೆ ಮುಗಿಯಿತು. ಕಚೇರಿಯಲ್ಲಿ ಒಬ್ಬರು "ಕೆಲಸ ಮುಂದುವರಿಸ್ರಿ" ಎಂದರೆ, ಇನ್ನೊಬ್ಬರು "ಹೊಸ ಹುಕುಂ ಬರೂತನಕ ಮನ್ಯಾಗ ಇರ್ರಿ" ಎಂದರು. ಮಾವನವರು ಬೆಳಿಗ್ಗೆ ಶೇರ್ವಾನಿ ತೊಟ್ಟು ಬಾಗಿಲವರೆಗೆ ಹೋಗುವರು, ನಿಲ್ಲುವರು, ಒಳಗೆ ಬಂದು ಬಿಚ್ಚಿಡುವರು.

"ಸರಕಾರ ನೇಮಿಸಿದವನೇ ಇನ್ಸ್‌ಪೆಕ್ಟರ್ ಅಂತದ ಕಾಯಿದಿ. ನೇಮಿಸಿದ ಸರಕಾರನ ಇಲ್ಲಂದ್ರ ನಾ ಯಾರು ಯವ್ವಾ?" ಎಂದು ನನ್ನನ್ನೇ ಕೇಳುವರು.

ದೀಪಾವಳಿಗೆ ನನ್ನನ್ನು ತವರೂರು ಬಾಗಲವಾಡಕ್ಕೆ ಕರೆದುಕೊಂಡು ಹೊರಟರು. ಮಾನ್ವಿಯಲ್ಲಿ ಬಸ್ಸಿಳಿದು ಬಂಡಿಗಾಗಿ ಕಾಯುತ್ತಿದ್ದೆವು. ಎದುರಿನ ಕಾಳಿನ ಅಂಗಡಿಯಿಂದ ಕೂಲಿ ಹೆಣ್ಣುಮಗಳೊಬ್ಬಳು ಜೋಳದ ಗಂಟು ಹಿಡಿದು ಓಡಿಬಂದಳು. ಶೇರ್ವಾನಿ ಕಂಡು ದೊಡ್ಡ ಸಾಹೇಬರೆಂದುಕೊಂಡಿರಬೇಕು.

"ಯಪ್ಪಾ, ಅವನ ಸೇರು ಸಣ್ಣದದ ರೀ. ಕೇಳಿದ್ರ ಬೈತಾನ್ರಿ."

ಮಾವನವರು ಅಂಗಡಿಗೆ ನಡೆದರು. ಅಂಗಡಿಯವನಿಗೆ ಗುರುತು ಹತ್ತಿತು. ಆದರೂ ಮೇಲೇಳಲಿಲ್ಲ.

"ಈಗ ಯಾವ ಸರಕಾರದ ಇನ್ಸ್‌ಪೆಕ್ಟರ್ ರೀ ನೀವು? ಹಳೇದೋ, ಹೊಸದೋ?"

ಅವರ ಮುಖ ಬಾಡಿತು. ಎಲ್ಲರೆದುರು ನನಗೆ ತಲೆ ಎತ್ತಲಾಗಲಿಲ್ಲ. ಮಾವನವರೆಂದರು: "ನನಗೂ ಗೊತ್ತಿಲ್ಲಪ್ಪಾ. ಆದ್ರ ಜ್ವಾಳ ಕೊಳ್ಳಾವಂತೂ ಹೌದು. ನನಗೊಂದು ಸೇರು ಅಳಿ. ಬಾಜೂ ಅಂಗಡ್ಯಾಗ ಮತ್ತೊಮ್ಮಿ ಅಳಸ್ತೀನಿ. ಎಲ್ಲಾರೂ ನೋಡ್ಲಿ."

ಸುತ್ತ ನಿಂತವರೂ "ನಮ್ದೂ ಅಳಸ್ರಿ" ಎಂದು ಗಂಟು ಬಿಚ್ಚತೊಡಗಿದರು. ಅಂಗಡಿಯವನು ಆ ಕೂಲಿ ಹೆಣ್ಣುಮಗಳ ಗಂಟಿಗೆ ಇನ್ನೊಂದು ಬೊಗಸೆ ಜೋಳ ಸುರಿದ.

ನನಗೆ ಹೆಮ್ಮೆ. ಅವರಿಗೋ, ಬಂಡಿಯಲ್ಲಿ ದಾರಿಯುದ್ದಕ್ಕೂ ಒಂದೇ ಕೊರಗು. "ಅಧಿಕಾರ ಇಲ್ಲದೇ ಮಂದಿ ಅಂಗಡಿ ಹೊಕ್ಕೆನೇನು? ಇಲ್ಲಾ, ಅಧಿಕಾರ ಇದ್ದೂ ಆ ಸೇರು ಜಪ್ತಿ ಮಾಡದೇ ಬಂದೆನೇನು? ಯಾವುದು ತಪ್ಪು ಯವ್ವಾ?"

ಹೊಸ ಹುಕುಂ ಬರಲೇ ಇಲ್ಲ. ಮುಂದಿನ ಬೇಸಿಗೆಯಲ್ಲಿ ವಿಷಮಜ್ವರ ಹಿಡಿದು ಮಾವನವರು ತೀರಿಕೊಂಡರು. ಕರ್ಮಾಂತರ ಮುಗಿಯುವ ಮೊದಲೇ ಕಚೇರಿಯ ಹೊಸ ಅಧಿಕಾರಿಯೊಬ್ಬರು ಅತ್ತೆಯವರ ಪಿಂಚಣಿಯ ಕಾಗದ ಹಿಡಿದು ಮನೆಗೆ ಬಂದು, "ತೀರಿಕೊಂಡಾಗ ಅವರು ನೌಕರ್ಯಾಗ ಇದ್ರೇನ್ರಿ?" ಎಂದು ಕೇಳಿದರು.

ಅತ್ತೆಯವರು ನನ್ನ ಮುಖ ನೋಡಿದರು.

"ಇದ್ರು ರೀ," ಎಂದೆ.

ಅದು ಖರೆಯೋ ಸುಳ್ಳೋ, ನನಗೆ ಇಂದಿಗೂ ತಿಳಿಯದು. ಯಾರಾದರೂ ಕೇಳಿದರೆ ಈಗಲೂ ಅದನ್ನೇ ಹೇಳುತ್ತೇನೆ.